ಬಲೆ ಎಳೆಯುತ್ತಾ ಮೀಟಿಂಗ್

"ಹಿಂದಿರೋ ಆ ಸಮುದ್ರ ತೆಗೀರಿ. ಮೀಟಿಂಗಿಗೆ ಇಂಥ ಬ್ಯಾಕ್‌ಗ್ರೌಂಡ್ ಎಲ್ಲಾ ಬೇಡ."

ಫೋನಿನ ವಿಡಿಯೋದಲ್ಲಿ ಮ್ಯಾನೇಜರ್ ಸಾಹೇಬರ ಅಪ್ಪಣೆ. ನಾನಿದ್ದದ್ದು ನಮ್ಮೂರು ಮಂಕಿಯ ಕಡಲ ದಂಡೆಯಲ್ಲಿ. (ಮನೆಯಲ್ಲಿ ನೆಟ್‌ವರ್ಕ್ ಸತ್ತಿತ್ತು.) ಅರಬ್ಬೀ ಸಮುದ್ರವನ್ನು ತೆಗೆಯುವುದು ಹೇಗೆ, ನೀವೇ ಹೇಳಿ?

ಎದುರು ಮಾತನಾಡುವ ಹಾಗಿರಲಿಲ್ಲ. ನಾಲ್ಕು ವರ್ಷದಿಂದ ಊರಲ್ಲೇ ಕೂತು ವಿಮೆ ಕ್ಲೇಮುಗಳ ಫೈಲ್ ನೋಡುವವನು ನಾನು. ಇನ್ನು ಎಲ್ಲರೂ ಬೆಂಗಳೂರಿನ ಆಫೀಸಿಗೇ ಬರಬೇಕೆಂದು ಕಂಪನಿಯ ಹುಕುಂ. ಮನೆಯಿಂದಲೇ ಕೆಲಸ ಬೇಕೆನ್ನುವವರು ಅವತ್ತಿನ ಮೀಟಿಂಗಿನಲ್ಲೇ ಸಾಹೇಬರನ್ನು ಒಪ್ಪಿಸಬೇಕಿತ್ತು. ನನಗೆ ಸಿಕ್ಕಿದ್ದು ಹತ್ತು ನಿಮಿಷ.

ಆಗಲೇ ಹಿಂದಿನಿಂದ ಕೂಗು. "ಹೋಯ್, ಎಂತ ನಿಂತು ನೋಡೂದು? ಹಗ್ಗ ಹಿಡಿ ಮಾರಾಯಾ!"

ದಂಡೆಯಿಂದಲೇ ಹತ್ತಾರು ಜನ ಸೇರಿ ಎಳೆಯುವ ರಂಪಣಿ ಬಲೆಯ ತಂಡದ ಹಿರಿಯ ಸುಬ್ರಾಯಣ್ಣ. ಬಲೆ ಎಳೆಯುವ ಹೊತ್ತಿಗೆ ದಂಡೆಯಲ್ಲಿ ಸುಮ್ಮನೆ ನಿಂತವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಕೈ ಹಾಕಿದವನಿಗೆ ಮೀನಿನಲ್ಲಿ ಪಾಲೂ ಉಂಟು. ಸ್ಪೀಕರ್ ಹಾಕಿ, ಕ್ಯಾಮೆರಾ ಹೊರಗೆ ಇಣುಕುವಂತೆ ಫೋನನ್ನು ಅಂಗಿಯ ಜೇಬಿಗೆ ಸಿಕ್ಕಿಸಿದೆ, ಹಗ್ಗ ಹಿಡಿದೆ.

"ಈಗ ನೀವೇ ಇಲ್ಲ, ಬರೀ ಬ್ಯಾಕ್‌ಗ್ರೌಂಡ್ ಇದೆ! ಅದೂ ಹಿಂದೆ ಹಿಂದೆ ಹೋಗ್ತಿದೆ!" ಸಾಹೇಬರ ದನಿ ಏರಿತು.

ಹೋಗುತ್ತಿದ್ದವನು ನಾನು. ಬಲೆ ಎಳೆಯುವವರು ಹಿಂದಕ್ಕೇ ನಡೆಯಬೇಕಲ್ಲ? ಏದುಸಿರು ಬಿಡುತ್ತಲೇ ಬಲೆ, ಹಿರಿಯ, ಪಾಲು ಎಲ್ಲವನ್ನೂ ವಿವರಿಸಿದೆ. ಸಾಹೇಬರಿಗೆ ಏಕಾಏಕಿ ಕುತೂಹಲ ಹುಟ್ಟಿತು. "ಆ ಹಿರಿಯರನ್ನೇ ಕೇಳಿ. ಅವರ ಟೀಮಲ್ಲಿ ಮನೇಲಿ ಕೂತವರಿಗೆ ಪಾಲು ಕೊಡ್ತಾರಾ?"

ಸುಬ್ರಾಯಣ್ಣ ನನ್ನ ಜೇಬಿಗೆ ಬಾಯಿ ಹಚ್ಚಿದ. "ಕೊಡೂದೇಯ. ಹರಿದ ಬಲೆ ಹೆಣೂದು ನಮ್ಮ ಮಾದೇವಿ. ಅವ್ಳು ದಂಡೆಗೇ ಬರೂದಿಲ್ಲ, ಪಾಲು ಮನೆಗೇ ಹೋಗ್ತದೆ."

ನನಗೆ ಸ್ವರ್ಗಕ್ಕೆ ಮೂರೇ ಗೇಣು!

"ಅವರು ಕೆಲಸ ಮಾಡ್ತಾರೋ ಇಲ್ಲವೋ ಅಂತ ನೋಡ್ಕೊಳ್ಳೋದು ಯಾರು?" ಸಾಹೇಬರ ಮರುಪ್ರಶ್ನೆ.

"ನೋಡೂದೆಂತ? ತೂತಿದ್ರೆ ಬಲೆ ಎಳೆದಾಗ ಗೊತ್ತಾಗ್ತದಲ್ಲ."

ಇಷ್ಟಕ್ಕೇ ನಿಲ್ಲಿಸಬಾರದಿತ್ತೇ? ಸುಬ್ರಾಯಣ್ಣ ನನ್ನತ್ತ ತಿರುಗಿ, ದಂಡೆಗೆಲ್ಲ ಕೇಳುವ ಹಾಗೆ ವಿಚಾರಿಸಿದ. "ಅಲ್ವೋ, ಈ ನಿಮ್ಮ ಸಾಹೇಬ್ರು ಎಂತ ಮಾಡೂದು? ಎಳೂದಾ, ಹೆಣೂದಾ?"

ಮ್ಯೂಟ್ ಒತ್ತೋಣವೆಂದರೆ ಎರಡೂ ಕೈಯಲ್ಲಿ ಹಗ್ಗ. ಆ ಕಡೆ ಮೀಟಿಂಗಿನಲ್ಲಿದ್ದ ಇಪ್ಪತ್ತು ಜನರಿಗೂ ಅದು ಕೇಳಿಸಿತು. ಯಾರೋ ಒಬ್ಬರು ಕಿಸಕ್ಕೆಂದರು. ಮೀಟಿಂಗ್ ಕಟ್ ಆಯಿತು.

ನನ್ನ ಪಾಲಿಗೆ ಹನ್ನೆರಡು ಬಂಗುಡೆ ಬಂದವು. ಸಂಜೆ ಮೇಲ್ ಕೂಡ ಬಂತು. ಸೋಮವಾರದಿಂದ ಬೆಂಗಳೂರಿನ ಆಫೀಸಿಗೆ ಬರತಕ್ಕದ್ದು.

ಹೋಗುತ್ತೇನೆ, ಹೊಟ್ಟೆಪಾಡು. ಆದರೆ ಕೈ ಹಾಕಿ ಎಳೆಯೋಣವೆಂದರೆ ಅಲ್ಲಿ ಹಗ್ಗ ಎಲ್ಲಿದೆ ಅಂತ ಯಾರನ್ನು ಕೇಳಲಿ?