ಬಾರದವರ ಪಾಲಿನ ಕಿತ್ತಳೆ

ಕ್ಯಾಸಿಮಿರ್ ಅವರ ತಂಡ ಗೆದ್ದದ್ದನ್ನು ನಾನು ನೋಡಿಲ್ಲ. ಎರಡು ವರ್ಷದಿಂದ ಭಾನುವಾರ ಭಾನುವಾರ ಗೆರೆಯ ಪಕ್ಕ ಬಾವುಟ ಹಿಡಿದು ನಿಂತವನು ನಾನೇ; ಗೆದ್ದಿದ್ದರೆ ನನ್ನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಈ ಕೆಳದರ್ಜೆಯ ಲೀಗಿನಲ್ಲಿ ಚೆಂಡು ಗೆರೆ ದಾಟಿತೇ ಎಂದು ನೋಡಲು ಪ್ರತಿ ತಂಡವೂ ತನ್ನ ಕಡೆಯ ಒಬ್ಬನನ್ನು ಕೊಡಬೇಕು. ಕ್ಯಾಸಿಮಿರ್ ನನ್ನನ್ನು ಕೊಟ್ಟರು. ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನಾವು ಅಕ್ಕಪಕ್ಕದ ಮನೆಯವರು, ನನ್ನ ಕಾರಿನಲ್ಲಿ ಸಾಮಾನಿಗೆ ಜಾಗ ಹೆಚ್ಚು, ಮೇಲಾಗಿ ನನಗೆ ಮುಖ ನೋಡಿ ಬೇಡ ಎನ್ನಲು ಬರುವುದಿಲ್ಲ. ಮೈಸೂರಿನವರಿಗೆ ಅಂಟಿದ ಹಳೆಯ ಕಾಯಿಲೆ ಅದು.

ಅವರು ಮಂಗಳೂರಿನ ಬಜ್ಪೆ ಕಡೆಯವರು. ಹುಡುಗನಾಗಿದ್ದಾಗ ಚರ್ಚಿನ ತಂಡಕ್ಕೆ ಆಡಿ ಮಂಡಿ ಮುರಿದುಕೊಂಡರು. ಆಮೇಲೆ ಮಸ್ಕತ್‌ನ ಬಿಸಿಲಿನಲ್ಲಿ ಬೆಂದು ಕಂಡವರ ಮನೆ ತಂಪು ಮಾಡುತ್ತ ವರ್ಷಗಳನ್ನು ಕಳೆದು, ಐವತ್ತರ ಹತ್ತಿರ ಪರ್ತ್‌ಗೆ ಬಂದರು. ಈಗ ಜೂಂಡಲಪ್‌ನ ಒಂದು ಕಾಲೇಜಿನಲ್ಲಿ ಎ.ಸಿ. ರಿಪೇರಿ ಕೆಲಸ. ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಬೇಕು, ಸಂಬಳ ಇಲ್ಲ ಎಂದಾಗ ಕೈ ಎತ್ತಿದವರು ಇವರೊಬ್ಬರೇ. ಈ ದೇಶದಲ್ಲಿ ಫುಟ್‌ಬಾಲ್ ಎಂದರೆ ಕೈಯಲ್ಲಿ ಹಿಡಿದು ಓಡುವ ಆಟ, ನಮ್ಮದಕ್ಕೆ ಸಾಕರ್ ಎನ್ನಬೇಕು. ಕ್ಯಾಸಿಮಿರ್ ಅನ್ನುವುದಿಲ್ಲ.

ತಂಡದ ಹುಡುಗರು ಹೆಚ್ಚಾಗಿ ನಮ್ಮ ಕಡೆಯಿಂದ ಓದಲು ಬಂದವರು. ಹಗಲು ಕ್ಲಾಸು, ಉಳಿದ ಹೊತ್ತು ಕೆಲಸ. ಕ್ಯಾಪ್ಟನ್ ಭರತೇಶ್ ಹಾಸನದವನು, ಪೆಟ್ರೋಲ್ ಬಂಕಿನಲ್ಲಿ ನಿಲ್ಲುತ್ತಾನೆ. ಗೋಲ್‌ಕೀಪರ್ ಲಿಂಗರಾಜ ದಾವಣಗೆರೆಯವನು, ವೃದ್ಧಾಶ್ರಮವೊಂದರಲ್ಲಿ ಮುದುಕರಿಗೆ ಸ್ನಾನ ಮಾಡಿಸಿ ಬರುತ್ತಾನೆ. ಎಲ್ಲರೂ ಒಟ್ಟಿಗೆ ಬಿಡುವಾಗಿರುವ ದಿನವನ್ನು ಬ್ರಹ್ಮ ಇನ್ನೂ ಸೃಷ್ಟಿಸಿಲ್ಲ. ಪ್ರತಿ ಮಂಗಳವಾರ ಪ್ರಾಕ್ಟೀಸಿಗೆ, ಪ್ರತಿ ಭಾನುವಾರ ಪಂದ್ಯಕ್ಕೆ ಕ್ಯಾಸಿಮಿರ್ ಒಬ್ಬೊಬ್ಬನಿಗೂ ಫೋನ್ ಮಾಡಿ ಗೋಗರೆಯಬೇಕು. ಭಾನುವಾರ ಬಿಡುವಿರಲೆಂದು ಚರ್ಚಿನ ಪೂಜೆಗೆ ಶನಿವಾರ ಸಂಜೆಯೇ ಹೋಗಿ ಬರುತ್ತಾರೆ. ಮೈದಾನ ಹತ್ತಿರವಾದಂತೆ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಹುಡುಗರನ್ನು ಎಣಿಸುತ್ತಾರೆ. ಏಳು ಜನ ಸೇರದಿದ್ದರೆ ಆಡದೆಯೇ ಸೋತಂತೆ. ಹಾಗೆ ಎರಡು ಸಲ ಸೋತಿದ್ದೇವೆ. ಆಡಿ ಸೋತದ್ದರ ಲೆಕ್ಕ ಬೇಡ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ; ನಮಗೆ ಕೈಕಾಲು ಮೈಯೆಲ್ಲ ಕೆಸರಾದರೂ ಮೊಸರಿನ ವಾಸನೆಯೂ ಬಂದಿರಲಿಲ್ಲ.

ಹಾಫ್‌ಟೈಮಿಗೆಂದು ಅವರು ಒಂದು ಡಬ್ಬಿ ಕಿತ್ತಳೆ ಹೆಚ್ಚಿ ತರುತ್ತಾರೆ. ಎಷ್ಟೇ ಜನ ಬರಲಿ, ಹನ್ನೊಂದು ಪಾಲು. ಯಾಕೆಂದು ಲಿಂಗರಾಜ ಒಮ್ಮೆ ಕೇಳಿದ್ದ. ಅವರ ಕಡೆ ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ. ಚರ್ಚಿನಲ್ಲಿ ಹರಸಿ ಕೊಟ್ಟ ಹೊಸ ತೆನೆಯ ಕಾಳನ್ನು ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನಬೇಕು. ಬರಲಾಗದವರ ಪಾಲನ್ನು ಲಕೋಟೆಯಲ್ಲಿ ಹಾಕಿ ಇದ್ದಲ್ಲಿಗೆ ಕಳಿಸುತ್ತಾರೆ. ಮಸ್ಕತ್‌ಗೆ ಅವರ ತಾಯಿ ತಪ್ಪದೆ ಕಳಿಸುತ್ತಿದ್ದರಂತೆ. ಇಲ್ಲಿಯ ಕಸ್ಟಮ್ಸ್‌ನವರು ಕಾಳುಕಡ್ಡಿ ಒಳಗೆ ಬಿಡುವುದಿಲ್ಲ. ಬಾರದವರಿಗೂ ಪಾಲು ಇಡಬೇಕು, ಇಟ್ಟರೆ ಒಂದು ದಿನ ಬರುತ್ತಾರೆ ಎಂದು ಅವರು ಹೇಳಿದರು. ಬಾರದವರ ಪಾಲನ್ನು ವಾಪಸು ಬರುವಾಗ ಕಾರಿನಲ್ಲಿ ನಾನೇ ತಿನ್ನುತ್ತಿದ್ದೆ. ಅವರ ಮನೆಯಲ್ಲಿ ಹೆಂಡತಿ ಡೋರಿಸ್, ಈ ಮನುಷ್ಯ ತನ್ನ ಮಂಡಿಗೆ ಎಣ್ಣೆ ಹಚ್ಚಿಕೊಳ್ಳಲು ಪುರುಸೊತ್ತಿಲ್ಲದೆ ಊರವರ ಮಕ್ಕಳ ಜರ್ಸಿ ಒಗೆಯುತ್ತಾನೆ ಎಂದು ಗೊಣಗುತ್ತಾರೆ. ಮಗಳು ವೆನೆಸ್ಸಾ ಇಂಗ್ಲಿಷಿನಲ್ಲಿ, ಸಾಕು ಬಿಡು ಡ್ಯಾಡ್ ಎನ್ನುತ್ತಾಳೆ. ಇಬ್ಬರದೂ ನ್ಯಾಯವೇ.

ಈ ವರ್ಷದ ಚಳಿಗಾಲದ ಹೊತ್ತಿಗೆ, ಇಲ್ಲಿ ಅದು ಜೂನಿನಲ್ಲಿ, ಕ್ಯಾಸಿಮಿರ್ ಅವರೂ ಸೋತು ಸುಣ್ಣವಾಗಿದ್ದರು. ಕಾಲೇಜಿನ ಕ್ರೀಡಾ ಅಧಿಕಾರಿ ಕರೆದು, ಸೀಸನ್ ಮುಗಿಯುವುದರೊಳಗೆ ಒಂದೇ ಒಂದು ಪಂದ್ಯ ಗೆದ್ದು ತೋರಿಸಿ, ಇಲ್ಲದಿದ್ದರೆ ಮುಂದಿನ ವರ್ಷ ತಂಡವೂ ಇಲ್ಲ, ಮೈದಾನವೂ ಇಲ್ಲ ಎಂದುಬಿಟ್ಟ. ಅಂದಿನಿಂದ ಕಾರಿನಲ್ಲಿ ಅವರ ಮಾತು ಕಡಿಮೆಯಾಯಿತು. ಒಂದೊಂದೇ ಭಾನುವಾರ ಸೋಲುತ್ತ ಸೋಲುತ್ತ ಸೆಪ್ಟೆಂಬರ್ ಬಂತು, ಕೊನೆಯ ಪಂದ್ಯ ಉಳಿಯಿತು.

ಅಂದು ನಮ್ಮವರು ಒಂಬತ್ತು ಜನ ಬಂದಿದ್ದರು. ಎದುರಾಳಿಗಳು ಆರೇ ಜನ. ರೈಲು ಹಳಿಯ ಕೆಲಸವೆಂದು ರೈಲು ನಿಲ್ಲಿಸಿ ಬಸ್ಸು ಬಿಟ್ಟಿದ್ದರು; ಅವರ ಉಳಿದವರು ಆ ಬಸ್ಸಿನಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದರು. ರೆಫರಿ ನಿಯಮದ ಪ್ರಕಾರ ಕಾಲು ಗಂಟೆ ಕಾದ. ಆಮೇಲೆ ಕ್ಯಾಸಿಮಿರ್ ಬಳಿ ಬಂದು, ನೀವು ಇನ್ನೂ ಕಾಯುತ್ತೀರೆಂದರೆ ನಾನೂ ಕಾಯುತ್ತೇನೆ, ಇಲ್ಲವೆಂದರೆ ಗೆಲುವು ನಿಮ್ಮದು ಎಂದ.

ನನಗಂತೂ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಬಾವುಟ ಮಡಿಸಿದೆ. ಕ್ಯಾಸಿಮಿರ್ ಬೆಂಚಿನ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು.

"ನಂಗೆ ಸಾಕಾಗಿದೆ ಮಾರಾಯ್ರೇ," ಎಂದರು. "ಒಂದು ಗೆಲುವು ಬೇಕಿತ್ತು. ಹೇಗೆ ಬಂದ್ರೆ ಏನು?"

ತೆಗೆದುಕೊಳ್ಳಿ ಎಂದು ನಾನು ಹೇಳಿದೆ. ಅವರು ಎದ್ದು ರೆಫರಿಯತ್ತ ಹೊರಟರು. ಅಷ್ಟರಲ್ಲಿ ಲಿಂಗರಾಜ ಗ್ಲೌಸ್ ಬಿಚ್ಚುತ್ತ ಎದುರಿಗೆ ಬಂದು ನಿಂತ. ಅವನು ಮಾತು ಕಡಿಮೆಯ ಹುಡುಗ.

"ಅಂಕಲ್, ಬರದೇ ಇರೋರಿಗೂ ಪಾಲು ಇಡ್ಬೇಕು ಅಂತ ನೀವೇ ಅಲ್ವಾ ಹೇಳಿದ್ದು?"

ಕ್ಯಾಸಿಮಿರ್ ಮುಖ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡೆ, ಬೈಯಲಿ ಎಂದೂ ಅನ್ನಿಸಿತು. ನಿನ್ನ ತಂಡವನ್ನು ಉಳಿಸಲು ಈ ಮನುಷ್ಯ ಸವೆದದ್ದು ನಿನಗೇನು ಗೊತ್ತು ಎಂದು ನನಗೇ ಸಿಟ್ಟು ಬಂದಿತ್ತು. ಉಳಿದ ಹುಡುಗರೂ ಸುತ್ತ ಸೇರಿದರು. ಆಡದೆ ಸೋತ ಆ ಎರಡು ಭಾನುವಾರ ಅವರೂ ಎದುರಿನ ಆ ಆರು ಜನರ ಹಾಗೆಯೇ ರಸ್ತೆ ನೋಡುತ್ತ ನಿಂತಿದ್ದರು. ಕ್ಯಾಸಿಮಿರ್ ರೆಫರಿಗೆ ಕಾಯೋಣ ಎಂದು ಕೈ ಮಾಡಿದರು. ಆಮೇಲೆ ಡಬ್ಬಿ ತೆಗೆದುಕೊಂಡು ಕುಂಟುತ್ತ ಹೋಗಿ ಆ ಆರು ಹುಡುಗರ ಮುಂದೆ ತೆರೆದಿಟ್ಟರು.

ಬಸ್ಸು ಬಂತು, ನಾಲ್ವರು ಇಳಿದು ಓಡಿ ಬಂದರು. ಅವರು ಚೆನ್ನಾಗಿಯೇ ಆಡಿದರು. ನಮ್ಮವರೂ ಎಂದಿಲ್ಲದಂತೆ ಆಡಿದರು, ಭರತೇಶ್ ಒಂದು ಗೋಲು ಹೊಡೆದ. ಅವರು ಎರಡು ಹೊಡೆದರು. ಸೋತೆವು.

ಅದು ದೇವರಿಗೆ ಭೂಷಣವಲ್ಲ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಕ್ಯಾಸಿಮಿರ್ ಬೆವರಿನ ಜರ್ಸಿಗಳನ್ನು ಚೀಲಕ್ಕೆ ತುಂಬುತ್ತ, ಇಲ್ಲಿಗೆ ಮುಗಿಯಿತು, ಎಲ್ಲರೂ ಚೆನ್ನಾಗಿ ಓದಿಕೊಳ್ಳಿ ಎಂದು ಹುಡುಗರಿಗೆ ಹೇಳಿದರು. ಭರತೇಶ್ ತನ್ನ ಜರ್ಸಿ ಕೊಡದೆ ನಿಂತಿದ್ದ.

"ಮಂಗಳವಾರ ಪ್ರಾಕ್ಟೀಸ್ ಇದೆ ಅಲ್ವಾ ಅಂಕಲ್?" ಎಂದ.

ಗ್ರೌಂಡು ಹೋಯಿತಲ್ಲ ಎಂದು ಕ್ಯಾಸಿಮಿರ್ ಹೇಳಿದರು.

"ಪಾರ್ಕ್ ಇದೆ. ನೀವು ಯಾರ್ಗೂ ಫೋನ್ ಮಾಡ್ಬೇಡಿ, ನಾನೇ ಎಲ್ರಿಗೂ ಮಾಡ್ತೀನಿ. ಇದನ್ನ ನಾನೇ ಒಗ್ಕೊಂಡು ಬರ್ತೀನಿ."

ಜೂಂಡಲಪ್‌ನಿಂದ ಹ್ಯಾರಿಸ್‌ಡೇಲ್‌ವರೆಗೆ ಊರಿನ ಈ ತುದಿಯಿಂದ ಆ ತುದಿ. ನದಿ ದಾಟಿದ ಮೇಲೆ ಕ್ಯಾಸಿಮಿರ್, ಫೋನ್ ಅವನೇ ಮಾಡುತ್ತಾನಂತೆ ಎಂದರು. ಸ್ವಲ್ಪ ದೂರ ಹೋದ ಮೇಲೆ ಅದನ್ನೇ ಮತ್ತೊಮ್ಮೆ ಹೇಳಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ರಸ್ತೆ ನೋಡುತ್ತಿದ್ದೆ. ತಿನ್ನಲು ಡಬ್ಬಿಯಲ್ಲಿ ಏನೂ ಇರಲಿಲ್ಲ.

ಮಂಗಳವಾರ ಮಧ್ಯಾಹ್ನ ಅವರು ಡಬ್ಬಿ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು. ಪ್ರಾಕ್ಟೀಸಿಗೆ ಬಾವುಟ ಹಿಡಿಯುವವನು ಯಾಕೆ ಎಂದು ರೇಗಿದೆ, ರೇಗುತ್ತಲೇ ಕಾರು ತೆಗೆದೆ. ಪಾರ್ಕ್ ಹತ್ತಿರ ಬಂದಾಗ ಹುಡುಗರು ಓಡುತ್ತಿರುವುದು ಕಂಡಿತು. ಕ್ಯಾಸಿಮಿರ್ ಕಿಟಕಿಯಿಂದ ತಲೆ ಹೊರಗೆ ಹಾಕಲಿಲ್ಲ. ಎಣಿಸಿದವನು ನಾನು. ಹತ್ತು ಜನ ಇದ್ದರು.

ಬೆಂಚಿನ ಮೇಲೆ ಕೂತು ಅವರು ಡಬ್ಬಿ ತೆರೆದರು. ಹನ್ನೊಂದು ಪಾಲಿತ್ತು. ಒಂದು ಹೇಗೂ ಮಿಗುತ್ತದಲ್ಲ ಎಂದು ಅಭ್ಯಾಸಬಲದಿಂದ ಕೈ ಹಾಕಿದೆ. ಕ್ಯಾಸಿಮಿರ್ ಡಬ್ಬಿಯನ್ನು ಆಚೆ ಸರಿಸಿದರು.

"ಅದು ಲಿಂಗರಾಜನದ್ದು," ಎಂದರು. "ಬರ್ತಾನೆ."