ಬಿಳಿ ತಟ್ಟೆ ಕಾಣುವಷ್ಟು ಆಳ

ಬೆಳಕು ಈಗಷ್ಟೇ ಹರಿಯುತ್ತಿದೆ. ಸಿದ್ದಲಿಂಗಮ್ಮ ಊಟದ ತಟ್ಟೆಯೊಂದನ್ನು ನೀರಿಗೆ ಇಳಿಬಿಡುತ್ತಿದ್ದಾರೆ. ಮೈಸೂರಿನ ರಿಂಗ್ ರಸ್ತೆ ದಾಟಿ ಒಂದಷ್ಟು ದೂರ ಹೋದರೆ ಸಿಗುವ ಈ ಹಳೆಯ ಕ್ವಾರಿಯಲ್ಲಿ ಈಗ ಕಲ್ಲು ತೆಗೆಯುವವರಿಲ್ಲ, ನೀರಿದೆ. ಅಂಚಿನ ಬಂಡೆಯ ಮೇಲೆ ಅವರು ಕುಕ್ಕರಗಾಲಿನಲ್ಲಿ ಕೂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಗ್ಗವನ್ನು ಬೆರಳ ನಡುವೆ ನಿಧಾನವಾಗಿ ಜಾರಿಸುತ್ತಾರೆ. ತಟ್ಟೆ ಬಿಳಿಯ ಪಿಂಗಾಣಿಯದು, ಮಂಡಿ ಮೊಹಲ್ಲಾದ ಪಾತ್ರೆ ಅಂಗಡಿಯದು. ತಳಕ್ಕೊಂದು ಕಲ್ಲು ಕಟ್ಟಿದೆ. ಹಗ್ಗಕ್ಕೆ ಅಡಿಗೊಂದು ಗಂಟು. ತಟ್ಟೆ ಮೊದಲು ಹಸಿರಾಗುತ್ತದೆ, ಆಮೇಲೆ ಮಸುಕಾಗುತ್ತದೆ, ಆಮೇಲೆ ಇದೆಯೋ ಇಲ್ಲವೋ ಎಂಬಂತಾಗುತ್ತದೆ. ಅಲ್ಲಿಗೆ ಹಗ್ಗ ನಿಲ್ಲುತ್ತದೆ, ಗಂಟಿನ ಎಣಿಕೆ ಶುರುವಾಗುತ್ತದೆ.

ನಂತರದ ಸರದಿ ಒಂದು ಬಾಟಲಿಯದು. ಅದರೊಳಗೆ ಉಷ್ಣಮಾಪಕ ಕಟ್ಟಿ ಕೆಳಗಿಳಿಸಿ, ಆಳದ ನೀರು ತುಂಬಿಸಿಕೊಂಡು ಮೇಲೆತ್ತಿ, ಕಣ್ಣು ಕಿರಿದು ಮಾಡಿ ಓದುತ್ತಾರೆ. ಅಷ್ಟಾದ ಮೇಲೂ ಒಂದು ಕಾಲನ್ನು ನೀರಿಗೆ ಅದ್ದಿ ನೋಡುತ್ತಾರೆ. ಯಂತ್ರದ ಮೇಲೆ ಅನುಮಾನವೇನಿಲ್ಲ, ಆದರೂ ಕಾಲನ್ನೊಂದು ಮಾತು ಕೇಳಿದರೆ ತಪ್ಪೇನು ಎಂಬ ಧಾಟಿ. ಕೊನೆಗೆ ಗುಂಪಿನವರಿಗೆಲ್ಲ ಹೋಗುವ ಧ್ವನಿಸಂದೇಶಕ್ಕಾಗಿ ಫೋನ್ ಬಾಯಿ ಹತ್ತಿರ ಹಿಡಿದು, ಮೈದಾನದಾಚೆ ಇರುವವರನ್ನು ಕರೆಯುವಂತೆ ಕೂಗುತ್ತಾರೆ:

“ಎಲ್ರಿಗೂ ನಮಸ್ಕಾರ. ನೀರು ಮೇಲ್ಗಡೆ ಇಪ್ಪತ್ನಾಕು, ಕೆಳ್ಗಡೆ ಇಪ್ಪತ್ತೆರಡು. ಕಾಣೋದು ಹದಿನೆಂಟಡಿ. ಬರೋರು ಬನ್ನಿ, ಬರ್ದಿದ್ದೋರು ಮನೀಕಳಿ.”

ಒಂಟಿಕೊಪ್ಪಲಿನಿಂದ ನಜರ್‌ಬಾದ್‌ವರೆಗೆ ಹಾಸಿಗೆಯಲ್ಲೇ ಈ ಧ್ವನಿಗೆ ಕಾಯುವವರಿದ್ದಾರೆ. ಇವರು ಸ್ಕೂಬಾ ಮಂದಿ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಡಿ ಈಜುವವರು. ಸಮುದ್ರವಿಲ್ಲದ ಊರಿನಲ್ಲಿ ಹುಟ್ಟಿದ್ದು ಇವರ ಪಾಲಿನ ಮೊದಲ ಕಷ್ಟ. ಎರಡನೆಯದು ಸಮುದ್ರ ಇರುವವರ ಮಾತು ಕೇಳಬೇಕಾಗುವುದು. ಕ್ವಾರಿಯನ್ನು ಗುತ್ತಿಗೆಗೆ ಹಿಡಿದು ಇಲ್ಲಿ ಡೈವಿಂಗ್ ಕ್ಲಬ್ ನಡೆಸುವ ಒಂಟಿಕೊಪ್ಪಲಿನ ಸಂಜಯ್ ಇದನ್ನು ಮುಚ್ಚಿಡುವುದಿಲ್ಲ. “ಕರಾವಳಿಯವರಿಗೆ ಅರವತ್ತು ಅಡಿ ಕಾಣಿಸ್ತಿದ್ರೂ ‘ಇವತ್ತು ಸ್ವಲ್ಪ ಮಬ್ಬು’ ಅಂತಾರೆ ಕಣ್ರೀ. ನಮಗೆ ಇಪ್ಪತ್ತು ಕಾಣಿಸಿದ್ರೆ ನಾವು ಕೇಸರಿಬಾತ್ ಹಂಚ್ತೀವಿ. ಅವರ ಫೋಟೋ ನೋಡೋದನ್ನೇ ಬಿಟ್ಟುಬಿಟ್ಟಿದ್ದೀನಿ, ಹೊಟ್ಟೆ ಉರಿಯುತ್ತೆ.”

ಶುರುವಿನಲ್ಲಿ ಸಿದ್ದಲಿಂಗಮ್ಮ ಇಲ್ಲಿ ಬರೀ ಕಾವಲಿಗಿದ್ದರು. ನೀರು ಹೇಗಿದೆ ಎಂದು ಸಂಜಯ್ ಫೋನ್ ಮಾಡಿ ಕೇಳಿದರೆ “ಬೋ ಚೆನ್ನಾಗದೆ, ತುಂಬ್ಕಂಡದೆ” ಎನ್ನುತ್ತಿದ್ದರು. ಮಳೆ ಬಿದ್ದ ಮಾರನೆಯ ದಿನದ ತುಂಬಿದ ನೀರು ಅವರ ಕಣ್ಣಿಗೆ ಚೆನ್ನಾಗಿಯೇ ಇತ್ತು. ಸಿಲಿಂಡರ್ ಹೊತ್ತು ಬಂದವರಿಗೆ ಮಾತ್ರ ಟೀಯಂಥ ನೀರಿನಲ್ಲಿ ತಮ್ಮ ಕೈ ತಮಗೆ ಕಾಣುತ್ತಿರಲಿಲ್ಲ. ತಟ್ಟೆ ಬಂದದ್ದು ಆಮೇಲೆ. ಈಗ ಮಳೆಗಾಲದಲ್ಲಿ ನಾಲ್ಕಡಿಗೇ ಮಾಯವಾಗುವ ತಟ್ಟೆ, ಮಾಗಿಯ ಬೆಳಗುಗಳಲ್ಲಿ ಇಪ್ಪತ್ತು ದಾಟಿಯೂ ಮಿನುಗುತ್ತದೆ. ಪ್ರತಿದಿನ ಪಾಚಿ ಹಿಡಿಯುವ ಅದನ್ನು ಇಳಿಸುವ ಮೊದಲು ಬೂದಿ ಹಾಕಿ ಉಜ್ಜಲೇಬೇಕು. ತಟ್ಟೆ ಬೆಳ್ಳಗಿದ್ದರಷ್ಟೇ ಲೆಕ್ಕ ನಿಜ.

ಆದರೆ ಈ ಗುಂಡಿಯ ಜೊತೆ ಸಿದ್ದಲಿಂಗಮ್ಮನ ನಂಟು ನೀರಿಗಿಂತ ಹಳೆಯದು. ಈಗ ಮೀನು ಓಡಾಡುವ ಜಾಗದಲ್ಲಿ ಅವರು ಕೂತು ಜಲ್ಲಿ ಒಡೆದಿದ್ದಾರೆ. ಮದುವೆಯಾಗಿ ಬಂದ ವರ್ಷವೇ ಸುತ್ತಿಗೆ ಹಿಡಿದರು. ಕಲ್ಲಿನ ಕಂಪನಿ ನೀರೆತ್ತುವ ಪಂಪುಗಳನ್ನು ಎತ್ತಿಕೊಂಡು ಹೋಗುವವರೆಗೂ ಅದನ್ನು ಕೆಳಗಿಡಲಿಲ್ಲ. “ಪಂಪು ಹೋಯ್ತು, ಮಳೆ ಹಿಡ್ಕತ್ತು. ಬೆಳಗ್ಗೆ ಎದ್ದು ನೋಡ್ತೀವಿ, ನಾವು ಕೂರೋ ಜಾಗ್ದಲ್ಲಿ ಕಪ್ಪೆ ಕೂಗ್ತಾ ಅವೆ” ಎಂದು ನಗುತ್ತಾರೆ.

ಕೆಳಗೆ, ಪಶ್ಚಿಮದ ಗೋಡೆಯ ಹತ್ತಿರ, ಹೆಂಗಸರು ಕೂರುತ್ತಿದ್ದ ಕಲ್ಲುಗಳ ಸಾಲಿದೆ. ಒಬ್ಬೊಬ್ಬರಿಗೆ ಒಂದೊಂದು. ಅದರಲ್ಲಿ ಒಂದು ಮಾತ್ರ ಗೋಡೆಯಿಂದ ಹೊರಚಾಚಿದ ಬಂಡೆಯ ಕೆಳಗೆ, ಚಾಚಿನ ಅಡಿ ಇತ್ತು. ಮಧ್ಯಾಹ್ನದ ಮೇಲೆ ಅದೊಂದಕ್ಕೇ ಮೊದಲು ನೆರಳು. ಆ ನೆರಳಿನ ಕಲ್ಲು ತನ್ನದು ಎನ್ನುತ್ತಾರೆ ಸಿದ್ದಲಿಂಗಮ್ಮ. ಅಲ್ಲ, ತನ್ನದು ಎನ್ನುತ್ತಾರೆ ಯಶೋಧಾ.

ಯಶೋಧಾ ಅದೇ ಸಾಲಿನಲ್ಲಿ ಕೂತು ಜಲ್ಲಿ ಒಡೆದವರು. ಪಕ್ಕದ ಮನೆಯವರು. ಈಗ ಕ್ವಾರಿಯ ಮೇಲೆ ತಗಡಿನ ಶೆಡ್ಡಿನಲ್ಲಿ ಡೈವಿಂಗ್‌ನವರಿಗೆ ಉಪ್ಪಿಟ್ಟು, ಟೀ ಮಾಡಿಕೊಡುತ್ತಾರೆ. ಸಿದ್ದಲಿಂಗಮ್ಮ ಬಾಣಂತನಕ್ಕೆಂದು ತವರಿಗೆ ಹೋದಾಗ ನೆರಳಿನ ಕಲ್ಲಿನ ಮೇಲೆ ಕೂತವರು ಆಮೇಲೆ ಏಳಲಿಲ್ಲ ಎಂಬುದು ಅವರ ಮೇಲಿನ ಆರೋಪ.

“ಕೂಸು ಎತ್ಕಂಡು ವಾಪಸ್ ಬಂದೆ. ನೋಡಿದ್ರೆ ಮಾರಾಣಿ ಹಂಗೆ ಕೂತವ್ಳೆ!”

“ಖಾಲಿ ಬಿದ್ದಿತ್ತು, ಕೂತ್ಕಂಡೆ. ಕಲ್ಲಿಗೇನು ನಿನ್ನ ಹೆಸ್ರು ಕೆತ್ತಿತ್ತಾ ಸಿದ್ದಕ್ಕ?” ಎಂದು ಯಶೋಧಾ ಒಲೆಯ ಮುಂದಿನಿಂದಲೇ ಕೇಳುತ್ತಾರೆ.

ಆಮೇಲೆ ಮೊದಲು ಬಂದವರಿಗೆ ಕಲ್ಲು ಎಂದಾಯಿತು. ಸಿಡಿಮದ್ದು ಹೊಡೆಯುವ ಮುನ್ನ ಸೀಟಿ ಊದುತ್ತಿದ್ದರು, ಎಲ್ಲರೂ ದೂರ ಓಡಬೇಕು, ಸದ್ದಾದ ಮೇಲೆ ವಾಪಸ್ ಬರಬೇಕು. ಒಂದು ದಿನ ಸೀಟಿಯಾಯಿತು. ಎಲ್ಲರೂ ಓಡಿದರು. ದೂರ ಹೋದರೆ ಯಶೋಧಾ ಮೊದಲು ಬಂದು ಕೂತುಬಿಟ್ಟಾಳೆಂದು ಸಿದ್ದಲಿಂಗಮ್ಮ ಹತ್ತಿರದ ಬಂಡೆಯ ಹಿಂದೆಯೇ ಅವಿತು ಕೂತರು. ಕಲ್ಲು ಅವರಿಗೇ ಸಿಕ್ಕಿತು. ಎಡಗಿವಿ ಹೋಯಿತು.

“ಕೂತ್ಕಂಡು ಸಂಜೆಗಂಟ ಜಲ್ಲಿ ಒಡ್ದೆ. ಸುತ್ತಿಗೆ ಸದ್ದೇ ಕೇಳ್ತಿರ್ಲಿಲ್ಲ. ನೆರಳು ಮಾತ್ರ ಇತ್ತು” ಎನ್ನುವಾಗ ಸಿದ್ದಲಿಂಗಮ್ಮನ ಮುಖದಲ್ಲಿ ಸೋತವರ ಕಳೆ ಇಲ್ಲ. ಬಲಗಿವಿಯೂ ಈಗ ಅಷ್ಟಕ್ಕಷ್ಟೆ. ಅವರೊಡನೆ ಗುಟ್ಟು ಹೇಳಬೇಕಾದವರು ಊರಿಗೆಲ್ಲ ಹೇಳಬೇಕಾಗುತ್ತದೆ.

ಈಗ ದಿನಾ ಬೆಳಗ್ಗೆ ಅವರು ಕೊಡುವ ಲೆಕ್ಕ ಹಿಡಿದು ಯಾರ್ಯಾರೋ ಕೆಳಗಿಳಿಯುತ್ತಾರೆ. ಆ ಸಾಲಿನ ಮೇಲೆ ಈಜಾಡಿ ಮೇಲೆ ಬರುತ್ತಾರೆ. “ಗೋಡೆ ಕಡೆ ಚಾಚಿನ ಅಡಿ ಒಂದು ಕಲ್ಲದೆ, ನೋಡಿದ್ರಾ?” ಎಂದು ಸಿದ್ದಲಿಂಗಮ್ಮ ಎಲ್ಲರನ್ನೂ ಕೇಳುತ್ತಾರೆ. “ಸೂಪರ್ ಆಗಿತ್ತು ಆಂಟಿ” ಎಂಬ ಉತ್ತರ ಬರುತ್ತದೆ. ಒಬ್ಬರು ವಿಡಿಯೋ ತಂದು ತೋರಿಸಿದರು. ಹಸಿರು, ಗುಳ್ಳೆ, ಒಂದು ಜಿಲೇಬಿ ಮೀನು. “ಕೆಟ್ಟೋದ ಟೀವಿ ಹಂಗಿತ್ತು. ನಾನು ಕೂತ ಜಾಗ ಕಣವ್ವ ಅದು. ಅವ್ರು ಕಂಡವ್ರೆ, ನಾ ಕಂಡಿಲ್ಲ. ಹೊಟ್ಟೆ ಒಳ್ಗೆ ಒಂಥರಾ ಆಯ್ತದೆ” ಎನ್ನುತ್ತಾರೆ. ಆ ‘ಒಂಥರಾ’ಕ್ಕೆ ಯಶೋಧಾ ಬಳಿ ಬೇರೆ ಹೆಸರಿದೆ.

ಕಳೆದ ತಿಂಗಳು ಕ್ಲಬ್ಬಿನ ತರಬೇತುದಾರ್ತಿ ರಕ್ಷಿತಾ ಇಬ್ಬರಿಗೂ ಒಂದು ಮಾತು ಹೇಳಿದರು: ನಿಮ್ಮ ಜಾಗ ನೀವೇ ಒಮ್ಮೆ ನೋಡಿ ಬನ್ನಿ, ನಾನು ಕೈಹಿಡಿದು ಕರೆದುಕೊಂಡು ಹೋಗುತ್ತೇನೆ. ಮೊದಲು ಕಿವಿ ತೋರಿಸಬೇಕಿತ್ತು. ಇಬ್ಬರೂ ಒಂದೇ ಆಟೋದಲ್ಲಿ ನಜರ್‌ಬಾದ್‌ನ ಕಿವಿ ಡಾಕ್ಟರ ಬಳಿ ಹೋದರು, ಬೇರೆ ಬೇರೆ ಬಸ್ಸಿನಲ್ಲಿ ವಾಪಸ್ ಬಂದರು. ಸಿದ್ದಲಿಂಗಮ್ಮನ ಕಿವಿತಮಟೆಯಲ್ಲಿ ತೂತಿದೆ, ನೀರಿನ ಒತ್ತಡ ತಡೆಯದು, ಈ ಜನ್ಮಕ್ಕೆ ಮುಳುಗುವಂತಿಲ್ಲ. ಯಶೋಧಾ ಅವರ ಕಿವಿ ಮಾತ್ರ ಹದಿನೆಂಟರ ಹುಡುಗಿಯ ಕಿವಿಯಂತಿದೆ ಎಂದುಬಿಟ್ಟರು ಡಾಕ್ಟರು. ಆ ವಾಕ್ಯವನ್ನು ಯಶೋಧಾ ಕೇರಿಯ ಮನೆಮನೆಗೂ ತಲುಪಿಸಿದರು.

ನೆರಳಿನ ಕಲ್ಲಿಗಾಗಿ ಹೋದ ಕಿವಿ, ಈಗ ಆ ಕಲ್ಲನ್ನೇ ನೋಡಲು ಬಿಡದು. ಸಿದ್ದಲಿಂಗಮ್ಮನಿಗೆ ಅದಕ್ಕಿಂತ ದೊಡ್ಡ ಚಿಂತೆ ಹತ್ತಿಕೊಂಡಿತು. “ಇವ್ಳು ಕೆಳಗೋಗಿ ಬಂದು, ಕಲ್ಲು ನಂದೇ, ಕಣ್ಣಾರೆ ಕಂಡೆ ಅಂದ್ಬುಟ್ರೆ? ಇಲ್ಲ ಅನ್ನಕ್ಕೆ ನಾನು ಯಾವ ಕಣ್ಣು ತರ್ಲಿ?”

ಯಶೋಧಾ ಇಳಿಯಬೇಕಿದ್ದ ಭಾನುವಾರ ಬಂತು. ಅವರು ಸೀಗೆಪುಡಿ ಹಾಕಿ ತಲೆಗೆ ಸ್ನಾನ ಮಾಡಿ, ನೆಂಟರಿಷ್ಟರನ್ನೂ ಕರೆದುಕೊಂಡು ಬಂದರು. ಫೋನಿನಲ್ಲಿ ಸಿದ್ದಲಿಂಗಮ್ಮನ ಧ್ವನಿ ಆವತ್ತು ಯಾಕೋ ಮೆತ್ತಗಿತ್ತು: “ಕಾಣೋದು ಏಳಡಿ.” ಹತ್ತಡಿಗಿಂತ ಕಡಿಮೆ ಇದ್ದರೆ ಹೊಸಬರನ್ನು ಇಳಿಸುವುದಿಲ್ಲ ಎಂಬುದು ಕ್ಲಬ್ಬಿನ ನಿಯಮ. ನೆಂಟರು ಉಪ್ಪಿಟ್ಟು ತಿಂದು ಎದ್ದರು. ಆದರೆ ನಿಯಮ ಹೊಸಬರಿಗೆ ಮಾತ್ರ. ಪಳಗಿದ ಇಬ್ಬರು ಇಳಿದು ಮೇಲೆ ಬಂದು, “ಕನ್ನಡಿ ಇದ್ದಂಗಿದೆ ನೀರು, ಏಳಡಿ ಅಂದವರು ಯಾರು?” ಎಂದು ಕೇಳಿದರು.

ಎಲ್ಲರ ಕಣ್ಣೂ ತಟ್ಟೆಯ ಮೇಲೆ ಹೋಯಿತು. ಅದರ ಮೇಲೆ ಒಲೆಯ ಮಸಿ ದೋಸೆಯ ಹಿಟ್ಟಿನಂತೆ ಸಮನಾಗಿ ಹರಡಿತ್ತು.

“ತಟ್ಟೆಗೆ ಮಸಿ ಮೆತ್ಕಂಡದೆ, ನಾ ನೋಡ್ಲಿಲ್ಲ” ಎಂದರು ಸಿದ್ದಲಿಂಗಮ್ಮ.

“ಒಲೆ ಮಸಿ ಅಲ್ಲ ಕಣಕ್ಕ ಅದು. ನಿನ್ನ ಹೊಟ್ಟೆಲಿ ಉರೀತದಲ್ಲ, ಅಲ್ಲಿಂದ ಬಂದಿರೋದು” ಎಂದರು ಯಶೋಧಾ.

ಅಸೂಯೆಯ ವಿಚಾರದಲ್ಲಿ ತೀರ್ಪು ಕೊಡುವ ಸ್ಥಿತಿಯಲ್ಲಿ ಸಂಜಯ್ ಕೂಡ ಇರಲಿಲ್ಲ. ರಕ್ಷಿತಾ ಮಾತ್ರ ಪಕ್ಕದಲ್ಲಿ ಕೂತು ಮೆಲ್ಲಗೆ, ಅಂದರೆ ಸಾಕಷ್ಟು ಜೋರಾಗಿ, ಹೇಳಿದರು: “ಆಂಟಿ, ನೀವು ಇಪ್ಪತ್ತು ಅಂದ್ರೆ ನಾನು ಕಣ್ಮುಚ್ಚಿಕೊಂಡು ಜನರನ್ನ ಇಳಿಸ್ತೀನಿ. ನಾಳೆ ನೀವು ಇಪ್ಪತ್ತು ಅಂದಾಗ ನಾನು ಹೇಗೆ ನಂಬಲಿ?” ಸಿದ್ದಲಿಂಗಮ್ಮ ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲವಂತೆ. ಈ ಸುದ್ದಿ ಕೊಟ್ಟವರೂ ಯಶೋಧಾ. ಊಟ ಬಡಿಸಿಟ್ಟು ಕಾದವರೂ ಅವರೇ.

ಮುಂದಿನ ಭಾನುವಾರದ ಹೊತ್ತಿಗೆ ಮಳೆಯ ಸುಳಿವಿಲ್ಲ, ಗಾಳಿಯಿಲ್ಲ. ಸಿದ್ದಲಿಂಗಮ್ಮ ತಟ್ಟೆಯನ್ನು ಎಲ್ಲರೆದುರು ಉಜ್ಜುತ್ತಾರೆ, ರಕ್ಷಿತಾಗೆ ಎತ್ತಿ ತೋರಿಸುತ್ತಾರೆ, ಇಳಿಸುತ್ತಾರೆ. ಹಗ್ಗ ಸಾಗುತ್ತಲೇ ಇದೆ. “ಇಪ್ಪತ್ತೆರಡಡಿ” ಎಂದು ಹೇಳುವಾಗ ಅವರ ಧ್ವನಿಯಲ್ಲಿ ಹೆಮ್ಮೆ, ಸಂಕಟ ಎರಡೂ ಇವೆ. ಇಂಥ ನೀರು ಈ ವರ್ಷ ಬಂದಿರಲಿಲ್ಲ. ಬಂದದ್ದು ಇವತ್ತು, ಅದೂ ಯಾರಿಗಾಗಿ!

ಕಪ್ಪು ರಬ್ಬರಿನ ಉಡುಪಿನಲ್ಲಿ ಯಶೋಧಾ ನೀರಿನ ಅಂಚಿಗೆ ಬರುತ್ತಾರೆ. “ಎಮ್ಮೆಕರ ಹಂಗೆ ಕಾಣ್ತಾವ್ಳೆ” ಎಂಬ ಮಾತು ದಂಡೆಯಿಂದ ಕೇಳುತ್ತದೆ. ರಕ್ಷಿತಾ ಕೈ ಹಿಡಿಯುತ್ತಾರೆ. ಎರಡು ತಲೆಗಳು ಮುಳುಗುತ್ತವೆ, ಗುಳ್ಳೆಗಳು ಏಳುತ್ತವೆ. ಗುಳ್ಳೆಗಳು ಪಶ್ಚಿಮದ ಗೋಡೆಯತ್ತ ಸಾಗಿದಂತೆ ಸಿದ್ದಲಿಂಗಮ್ಮ ದಂಡೆಯ ಮೇಲೆ ಅವುಗಳ ಜೊತೆಗೇ ನಡೆಯುತ್ತಾರೆ, ಮುಳ್ಳುಗಿಡ ತರಚಿದ್ದೂ ಗೊತ್ತಾಗದಂತೆ. ಗೋಡೆಯ ಚಾಚಿನ ನೇರಕ್ಕೆ ಗುಳ್ಳೆ ನಿಲ್ಲುತ್ತದೆ. ಅವರೂ ನಿಲ್ಲುತ್ತಾರೆ. “ಅಲ್ಲೇ. ಅಲ್ಲೇ ನಿಂತವ್ಳೆ.”

ಮೇಲೆ ಬಂದ ಯಶೋಧಾರನ್ನು ಎಲ್ಲರೂ ಮುತ್ತಿಕೊಳ್ಳುತ್ತಾರೆ. ಏನು ಕಾಣಿಸಿತು ಎಂದು ಕೇಳಿದವರಿಗೆಲ್ಲ “ಎಲ್ಲಾ ಕಾಣಿಸ್ತು” ಎಂಬ ಒಂದೇ ಉತ್ತರ. ಚಪ್ಪಾಳೆ ಬೀಳುತ್ತದೆ. ಸಿದ್ದಲಿಂಗಮ್ಮ ದೂರ ಕೂತು ಒದ್ದೆ ಹಗ್ಗ ಸುತ್ತುತ್ತಿದ್ದಾರೆ. ಟೀ ಹೊತ್ತಿಗೆ ಯಶೋಧಾ ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂರುತ್ತಾರೆ. ಅತ್ತಿತ್ತ ನೋಡಿ, ಬಲಗಿವಿಗೆ ಬಾಯಿಟ್ಟು ಗುಟ್ಟು ಹೇಳುತ್ತಾರೆ. ಶೆಡ್ಡಿನಲ್ಲಿದ್ದವರಿಗೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ.

“ಸಿದ್ದಕ್ಕ, ಕಣ್ಣೇ ಬುಡ್ಲಿಲ್ಲ ಕಣಕ್ಕ. ಮುಳುಗ್ತಿದ್ದಂಗೆ ಭಯಕ್ಕೆ ಮುಚ್ಕಂಡೋಳು, ಮೇಲೆ ಬಂದ್ಮೇಲೇ ಬುಟ್ಟಿದ್ದು.”

“ಅಯ್ಯೋ, ಇವರ ಮಾಸ್ಕಿನ ಗಾಜು ಮಬ್ಬಾಗಿತ್ತು, ನನಗೆ ಗೊತ್ತೇ ಆಗಲಿಲ್ಲ!” ಎಂದು ರಕ್ಷಿತಾ ತಲೆ ಚಚ್ಚಿಕೊಳ್ಳುತ್ತಾರೆ. ಶೆಡ್ಡಿನಲ್ಲಿ ನಗು ಏಳುತ್ತದೆ. ಎಲ್ಲರಿಗಿಂತ ಜೋರಾಗಿ ನಗಬೇಕಾದವರು ಸಿದ್ದಲಿಂಗಮ್ಮ. ಅವರಿಗೆ ಬಂದದ್ದು ಸಿಟ್ಟು.

“ಥೂ ನಿನ್ನ! ಅಂಥಾ ನೀರಲ್ಲಿ ಕಣ್ಮುಚ್ಕಂಡು ಹೋಗಿದ್ದೀಯಲ್ಲೇ! ಚಾಚಿನ ಅಡಿಗಂಟ ಹೋಗಿ, ನಿಂತು, ಬಂದವ್ಳೆ!”

“ನೀನ್ಯಾಕೆ ಬೈತೀಯ? ನಿಂಗೆ ಖುಷಿ ಆಗ್ಬೇಕಪ್ಪ. ಕಲ್ಲು ನಂದು ಅಂತ ನಾನಿನ್ನು ಹೇಳಂಗಿಲ್ಲ.”

ಸಿದ್ದಲಿಂಗಮ್ಮ ಆ ಮಾತು ಕಿವಿಗೇ ಹಾಕಿಕೊಳ್ಳದೆ ರಕ್ಷಿತಾ ಕಡೆ ತಿರುಗುತ್ತಾರೆ. “ಬರೋ ಭಾನುವಾರ ಇವಳನ್ನ ಇನ್ನೊಂದ್ಸಲ ಇಳ್ಸವ್ವ. ಕಣ್ಣು ಬುಟ್ಕಂಡು.”

“ನಾ ಒಲ್ಲೆ” ಎನ್ನುತ್ತಾರೆ ಯಶೋಧಾ.

“ಒಲ್ಲೆ ಅನ್ನಕ್ಕೆ ನೀನ್ಯಾರೆ? ಹುಡುಗಿ ಕಿವಿ ಮಡೀಕಂಡು ಒಲೆ ಮುಂದೆ ಕೂರ್ತೀಯಾ?”

ಏನಾದರೂ ಆಸೆ ಇದೆಯೇ ಎಂದು ಸಿದ್ದಲಿಂಗಮ್ಮನನ್ನು ಕೇಳಿದರೆ, ಸಂಬಳದ ಮಾತು ಬರುವುದಿಲ್ಲ, ಸನ್ಮಾನದ ಮಾತು ಬರುವುದಿಲ್ಲ. ಯಶೋಧಾ ಕಣ್ಣು ತೆರೆದು ಒಮ್ಮೆ ಇಳಿಯಬೇಕು, ಅಷ್ಟೆ. ಹೋಗಿ ಬಂದು ಕಲ್ಲು ತನ್ನದೇ ಎಂದು ಹಬ್ಬಿಸಿದರೆ?

“ಹಬ್ಬಿಸ್ಲಿ ಬುಡಿ. ಈ ಮಕ್ಳು ನೋಡ್ಕಂಡು ಬಂದು ನಿಜಾನೇ ಹೇಳ್ತವೆ, ನಂಗೆ ಒಂದೂ ತಿಳಿಯಕಿಲ್ಲ. ಇವ್ಳು ಬಂದು ಬರೀ ಸುಳ್ಳೇ ಹೇಳ್ಲಿ. ಎಲ್ಲೆಲ್ಲಿ ಸುಳ್ಳು ಅಂತ ನಂಗೆ ಗೊತ್ತಾಯ್ತದೆ. ಅದನ್ನ ತೆಗೆದಾಕಿದ್ರೆ ಉಳಿದದ್ದು ನಾನೇ ಹೋಗಿ ಕಂಡಂಗೆ.”