ಹಲೋ ಅಕ್ಕನಿಗೆ ಫೋನು ಬಾರದ ದಿನ

ಸೋಮವಾರ, ಬೆಳಕು ಹರಿಯುವ ಹೊತ್ತು. ಕಚೇರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ದೇವರ ಮನೆಗೆ ಹೋದಷ್ಟು ಮೆಲ್ಲಗೆ ಮೇಜಿನಿಂದ ಮೇಜಿಗೆ ಸರಿಯುತ್ತಿರುವವರು ಹಲೋ ಅಕ್ಕ. ಒಂದೊಂದು ಕಂಪ್ಯೂಟರನ್ನೂ ಆರಿಸಿ ಮತ್ತೆ ಹೊತ್ತಿಸುತ್ತಾರೆ. ಪ್ರಿಂಟರಿನ ಮುಂದೆ ಮಂಡಿಯೂರಿ, ಪುಟ್ಟ ಗುಂಡಿಗಳನ್ನು ಒತ್ತಿ ಹೊಸ ನಂಬರು ತುಂಬುತ್ತಾರೆ. ಜನ ಬರುವುದರೊಳಗೆ ಇಲ್ಲಿನ ಯಂತ್ರಗಳ ವಿಳಾಸವೆಲ್ಲ ಬದಲಾಗಬೇಕು. ಇಲ್ಲದಿದ್ದರೆ ಬಿಲ್ಲಿಂಗ್ ವಿಭಾಗದ ಹುಡುಗಿಯೊಬ್ಬಳ ಕೆಲಸ ಹೋಗುತ್ತದೆ.

ಅರ್ಧ ಆಯುಸ್ಸು ಅಕ್ಕ ಇದೇ ಕಚೇರಿಯ ಮೂಲೆ ಕೋಣೆಯಲ್ಲಿ ಟೆಲಿಫೋನ್ ಆಪರೇಟರ್. ದನಿ ಕೇಳಿಯೇ ಯಾರಿಗೆ ನೆಗಡಿ, ಯಾರ ಮನೆಯಲ್ಲಿ ಜಗಳ ಎಂದು ಹೇಳಬಲ್ಲವರಾಗಿದ್ದರು. ಕರೆಗಳನ್ನು ಜೋಡಿಸುತ್ತಿದ್ದ ಆ ಹಲಗೆಯನ್ನು ಕಿತ್ತ ಮೇಲೆ, ನೆಟ್‌ವರ್ಕ್ ನೋಡುತ್ತಿದ್ದವನೂ ಬೇರೆ ಕಡೆ ಹೋದ. ಅದೂ ತಂತಿ, ಇದೂ ತಂತಿ, ನೀವೇ ನೋಡ್ಕೊಳ್ಳಿ ಅಂದುಬಿಟ್ಟರು ಮ್ಯಾನೇಜರು. ಈಗ ಹೆಡ್‌ಫೋನು ಮೊಳೆಗೆ ನೇತುಬಿದ್ದಿದೆ. ಅದರ ಕೆಳಗೆ ರೂಟರಿನ ಹಸಿರು ದೀಪಗಳು ಮಿಣುಕುತ್ತವೆ.

"ಮೊದ್ಲು ಎಲ್ಲರ ಮಾತೂ ಈ ರೂಮು ದಾಟಿ ಹೋಗ್ತಿತ್ತು. ಈಗ್ಲೂ ಹೋಗುತ್ತೆ. ನಂಗೆ ಕೇಳ್ಸಲ್ಲ, ಅಷ್ಟೆ," ಅನ್ನುತ್ತಾರೆ. ಮನೆಯಲ್ಲೂ ಬೀಗ ತೆಗೆಯುವವರು ಅವರೇ, ಹಾಕುವವರೂ ಅವರೇ.

ಹಳೆಯ ರೂಟರು ಕಣ್ಣುಮುಚ್ಚಿದಾಗ ಅಕ್ಕ ತಾವೇ ಹೊಸದನ್ನು ಕೂರಿಸಿದರು. ದೀಪವೆಲ್ಲ ಹಸಿರಾದಾಗ ಎದೆಯುಬ್ಬಿತು. ಅಂದೇ ಬಿಲ್ಲಿಂಗ್ ಹುಡುಗಿಯ ಫೋನು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಅವಳು ಮನೆಯಿಂದಲೇ ದುಡಿಯುತ್ತಾಳೆ; ಮನೆಗೂ ಕಚೇರಿಗೂ ನಡುವೆ ಪರರ ಕಣ್ಣಿಗೆ ಬೀಳದ ಸುರಂಗದಂತಿರುವ ವಿಪಿಎನ್ನೇ ಅವಳ ದಾರಿ. ವಿಪಿಎನ್ ಕಚೇರಿಗೆ ಸೇರಿಕೊಂಡಿದೆ ಎಂದು ಪರದೆ ಹೇಳುತ್ತದೆ, ಆದರೆ ಒಂದು ಫೈಲೂ ತೆರೆಯುವುದಿಲ್ಲ. ದೋಷ ನಿನ್ನ ಮನೆಯದೇ ಎಂದು ಅಕ್ಕ ಸಾಧಿಸಿದರು. ಮ್ಯಾನೇಜರು ಅದನ್ನೇ ಹಿಡಿದುಕೊಂಡು, ಸೋಮವಾರದಿಂದ ಕಚೇರಿಗೆ ಬಾ, ಇಲ್ಲ ಕುರ್ಚಿ ಬಿಡು ಅಂದರು.

"ಅಮ್ಮನ್ನ ಯಾರ ಮಡಿಲಿಗೆ ಹಾಕಿ ಬರ್ಲಿ ಅಕ್ಕಾ?" ಎಂದಷ್ಟೇ ಕೇಳಿ ಹುಡುಗಿ ಫೋನಿಟ್ಟಳು.

ಶನಿವಾರ ಅಕ್ಕ ತಾವೇ ಹುಡುಗಿಯ ಮನೆಗೆ ಹೋದರು. ತಾಯಿಯ ಮಂಚದ ಕಾಲದೆಸೆಯಲ್ಲಿ ಕೂತು, ಹುಡುಗಿಯ ಲ್ಯಾಪ್‌ಟಾಪಿನಿಂದ ಕಚೇರಿಯ ಫೈಲುಗಳಿರುವ ಯಂತ್ರದ ನಂಬರಿಗೆ ಇದ್ದೀಯಾ ಎಂದು ಕೂಗು ಹಾಕಿಸಿದರು. ಓಗೊಟ್ಟಿತು. ವಿಪಿಎನ್ ಕಡಿದು ಕೂಗಿಸಿದರು. ಆಗಲೂ ಓಗೊಟ್ಟಿತು. ದಾರಿಯೇ ಮುಚ್ಚಿರುವಾಗ ಓಗೊಡುತ್ತಿರುವವರು ಯಾರು? ಕೋಣೆಯ ಸುತ್ತ ಕಣ್ಣಾಡಿಸಿ, ಧಾರಾವಾಹಿ ಓಡುತ್ತಿದ್ದ ಗೋಡೆಯ ಟಿವಿಯ ಸ್ವಿಚ್ಚು ಆರಿಸಿದರು. ಓಗೊಡುವುದು ನಿಂತಿತು.

ಮಂಚದಿಂದ ತಾಯಿಯ ದನಿ ಬಂತು. "ಯಾಕೆ ಆರ್ಸಿದ್ರಿ? ಈಗ ಅವಳ ಗಂಡ ವಾಪಸ್ ಬರೋನಿದ್ದ."

ಹೊಸ ರೂಟರಿಗೆ ಕಾರ್ಖಾನೆ ಕೊಟ್ಟ ನಂಬರನ್ನು ಅಕ್ಕ ಹಾಗೇ ಬಿಟ್ಟಿದ್ದರು. ಈ ಮನೆಯ ರೂಟರಿನದೂ ಅದೇ ನಂಬರು. ಎರಡು ಬೀದಿಗಳಿಗೆ ಒಂದೇ ಹೆಸರು; ಅಲ್ಲಿ ಫೈಲಿನ ಯಂತ್ರಕ್ಕೂ ಇಲ್ಲಿ ಟಿವಿಗೂ ಒಂದೇ ಮನೆ ಸಂಖ್ಯೆ. ಕಚೇರಿಗೆಂದು ಹೊರಟ ಕೂಗು ಹೊಸಿಲು ದಾಟದೆ ಟಿವಿಯ ಹತ್ತಿರ ನಿಂತುಬಿಡುತ್ತಿತ್ತು. ಈ ಮನೆಯದನ್ನಷ್ಟೇ ಬದಲಿಸಿದ್ದರೆ ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತಿತ್ತು. ಅಕ್ಕ ಒಪ್ಪಲಿಲ್ಲ. "ನಾಳೆ ಇನ್ನೊಂದು ಮನೇಲಿ ಇದೇ ಗೋಳು. ತಪ್ಪು ಮಾಡಿದ್ದು ನಾನು, ಅವರ ಮನೆ ಯಾಕೆ ಬದಲಾಗ್ಬೇಕು?"

ಸೋಮವಾರ ಹೊತ್ತೇರಿ ಜನ ಬರುತ್ತಾರೆ. ಕಂಪ್ಯೂಟರುಗಳು ಕಣ್ತೆರೆಯುತ್ತವೆ, ಪ್ರಿಂಟರು ಎಂದಿನಂತೆ ಗೊಣಗುತ್ತದೆ. ಏನೋ ಬದಲಾಗಿದೆ ಎಂದು ಒಬ್ಬರಿಗೂ ತಿಳಿಯುವುದಿಲ್ಲ. ಮೂಲೆ ಕೋಣೆಯ ಪರದೆಯ ಮೇಲೆ, ಸುರಂಗ ದಾಟಿ ಬಂದ ಬಿಲ್ಲಿಂಗ್ ಹುಡುಗಿಯ ಹೆಸರಿನ ಗೆರೆ ಮೂಡುತ್ತದೆ. ಅಕ್ಕ ಒಂದು ಗಳಿಗೆ ಕಣ್ಮುಚ್ಚಿ ಕೂರುತ್ತಾರೆ. ಆಮೇಲೆ ಫೋನಿನ ಕಡೆ ನೋಡುತ್ತಾರೆ. ಮಧ್ಯಾಹ್ನವಾಗುತ್ತದೆ. ಮ್ಯಾನೇಜರು ಬಾಗಿಲ ಮುಂದೆಯೇ ಹಾದುಹೋಗುತ್ತಾರೆ. ಫೋನು ಹೊಡೆದುಕೊಳ್ಳುವುದಿಲ್ಲ.

"ಆವಾಗ ಫೋನ್ ಹೊಡ್ಕೊಂಡ್ರೆ ಕೆಲ್ಸ ಇದೆ ಅಂತ. ಈಗ ಹೊಡ್ಕೊಳ್ದಿದ್ರೆ ಕೆಲ್ಸ ಆಗಿದೆ ಅಂತ," ನಗುತ್ತಾರೆ ಅಕ್ಕ.

ಸಂಜೆ ಆ ಗೆರೆ ಅಳಿಯುವವರೆಗೂ ಅವರು ಏಳುವುದಿಲ್ಲ. ಬ್ಯಾಗು ಹೆಗಲಿಗೆ ಹಾಕಿದವರು ದೀಪ ಆರಿಸುವ ಮುನ್ನ ತಡೆದು ನಿಲ್ಲುತ್ತಾರೆ.

"ಆ ಅಮ್ಮ ಈಗ ಟಿವಿ ನೋಡ್ತಿರ್ತಾರೆ. ಆ ಗಂಡ ವಾಪಸ್ ಬಂದ್ನಾ ಇಲ್ವಾ ಅಂತ ಕೇಳ್ಬೇಕು ಅನ್ಸುತ್ತೆ. ಅಷ್ಟಕ್ಕೆಲ್ಲ ಯಾರಾದ್ರೂ ಫೋನ್ ಮಾಡ್ತಾರಾ?"